ಮಾರವಾದ ಕೊನೆಯ ಷಡ್ಜ

ಆಂಪ್ಲಿಫೈಯರ್ ಕಟ್ಟುವವರ ಕಿವಿಯೇ ಬೇರೆ. ನಾವು ನೀವು ಹಾಡು ಕೇಳಿದರೆ ಅವರು ಹಾಡಿನ ಹಿಂದಿರುವ ಕಸ ಕೇಳುತ್ತಾರೆ. ಮುಕುಂದ ಸವಣೂರನಂತೂ ಈ ಜಾತಿಯಲ್ಲಿ ಎಲ್ಲರಿಗಿಂತ ಒಂದು ಕೈ ಮುಂದೆ. ಮದುವೆ ಮನೆಯಲ್ಲಿ ಸನಾದಿ ಶುರುವಾದರೆ ಎಲ್ಲರ ಕಣ್ಣು ವಧೂವರರ ಮೇಲಿರುತ್ತದೆ, ಇವನ ಕಣ್ಣು ಮಂಟಪದ ಕಂಬಕ್ಕೆ ಕಟ್ಟಿದ ಸ್ಪೀಕರಿನ ಮೇಲೆ. ಅದು ಒಂಚೂರು ಗೊರಗುಟ್ಟಿದರೆ ಸಾಕು, ಹುಣಸೆಹಣ್ಣು ಚೀಪಿದವರ ಹಾಗೆ ಇವನ ಮುಖ ಕಿವುಚಿಕೊಳ್ಳುತ್ತಿತ್ತು. ಪಾಪ, ಬೇಕೆಂದು ಮಾಡುತ್ತಿದ್ದುದಲ್ಲ. ಆದರೆ ಆ ಮುಖದಿಂದ ಒಂದು ಸಲ ದೊಡ್ಡ ಅನಾಹುತವೇ ಆಗಿತ್ತು.

ಅನಾಹುತ ಆದದ್ದು ಅವನ ಹೆಂಡತಿ ಮಂದಾಕಿನಿಗೆ. ಅವಳು ಹಾಡುಗಾರ್ತಿ, ಹಾಡುಗಾರ್ತಿಯಾಗಿದ್ದಳು ಎನ್ನಬೇಕು. ಗಂಟಲಲ್ಲಿ ಗಂಟೊಂದು ಬೆಳೆದು ಸ್ವರದ ನರಕ್ಕೇ ಹೆಣೆದುಕೊಂಡಿತ್ತು. ಜೀವ ಉಳಿಯಬೇಕಾದರೆ ನರದ ಆಸೆ ಬಿಡಬೇಕು ಎಂದರು ವೈದ್ಯರು. ಜೀವ ಉಳಿಯಿತು. ದನಿ ಮಾತ್ರ ಒಣಗಿದ ಎಲೆಗಳ ಮೇಲೆ ಚಪ್ಪಲಿ ಎಳೆದಂತಾಯಿತು. ಕೆಲವು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಧೈರ್ಯ ಮಾಡಿ ತಂಬೂರಿ ತೆಗೆದು ಶ್ರುತಿ ಮಾಡಿದಳು, ಷಡ್ಜ ಹಚ್ಚಿದಳು. ಹಚ್ಚಿ, ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ನೋಡಿದಳು. ಅವನ ಮುಖ ಕಿವುಚಿಕೊಂಡಿತ್ತು. ಅವಳು ತಂಬೂರಿಗೆ ಗವಸು ಹಾಕಿ ಅಡುಗೆಮನೆಗೆ ಹೋದಳು. ಆ ವಿಷಯವನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಉಳಿದದ್ದು ಒಂದು ಕ್ಯಾಸೆಟ್. ಹುಬ್ಬಳ್ಳಿಯ ಗೃಹಸ್ಥರೊಬ್ಬರ ಮನೆಯ ಬೈಠಕ್ಕಿನಲ್ಲಿ ಅವಳು ಹಾಡಿದ ಮಾರವಾ ರಾಗ. ಮಾರವಾ ಸಂಜೆಯ ರಾಗ. ಮೂಲ ಸ್ವರವಾದ ಷಡ್ಜವನ್ನು ಮುಟ್ಟದೆ ಅದರ ಸುತ್ತಲೇ ಅಲೆದು ಕೇಳುವವರ ಜೀವ ಹಿಂಡುತ್ತದೆ. ಕಟ್ಟಕಡೆಗೆ ಬಂದು ಷಡ್ಜದ ಮೇಲೆ ನಿಂತಾಗ, ದಾರಿ ತಪ್ಪಿದವರು ಮನೆ ಸೇರಿದ ಹಾಗಾಗುತ್ತದೆ. ಆ ಸಂಜೆ ಮಂದಾಕಿನಿ ಜನ ಉಸಿರು ಬಿಗಿಹಿಡಿಯುವ ಹಾಗೆ ಹಾಡಿದ್ದಳು. ಆದರೆ ಮುಕ್ತಾಯಕ್ಕೆ ತಿರುಗುವ ಹೊತ್ತಿಗೆ ಸರಿಯಾಗಿ ಕ್ಯಾಸೆಟ್ ಮುಗಿದು ಖಟ್ ಎಂದಿತ್ತು. ಧ್ವನಿಮುದ್ರಣ ಮಾಡುತ್ತಿದ್ದವನು ಮುಕುಂದನೇ. ಇನ್ನೊಂದು ಕ್ಯಾಸೆಟ್ಟಿಗಾಗಿ ಚೀಲ ತಡಕಾಡುತ್ತಿದ್ದವನಿಗೆ, ಎದುರಿಗೇ ಕೂತಿದ್ದರೂ, ಆ ಕೊನೆ ಕಿವಿಗೆ ಬಿದ್ದಿರಲಿಲ್ಲ. ಇಷ್ಟು ವರ್ಷವಾದರೂ ಅವನು ಅದನ್ನು ಮರೆತಿರಲಿಲ್ಲ. ಕೊನೆಯ ಷಡ್ಜವನ್ನು ತರುವುದು ಯಾರಿಂದಲೂ ಆಗದ ಮಾತು. ಇದ್ದಷ್ಟನ್ನಾದರೂ ಒಂದು ಧೂಳಿನ ಕಣ ಇಲ್ಲದಂತೆ ಕೇಳಬೇಕೆಂಬುದು ಅವನ ಹಟವಾಯಿತು.

ಮುಕುಂದ ಮತ್ತು ಅವನ ಕಾಲೇಜು ಗೆಳೆಯ ಎಡ್ವಿನ್, ಧಾರವಾಡದ ಹೊರಗೆ ಒಂದು ಶೆಡ್ಡಿನಲ್ಲಿ ಸ್ಟೀರಿಯೋ ಪವರ್ ಆಂಪ್ಲಿಫೈಯರುಗಳನ್ನು ಕೈಯಿಂದಲೇ ಕಟ್ಟಿ ಮಾರುತ್ತಿದ್ದರು. ಒಂದೊಂದನ್ನು ಎತ್ತಲು ಇಬ್ಬರು ಬೇಕು. ಹಾಡು ಇರಲಿ ಬಿಡಲಿ, ಸದಾ ಪೂರ್ತಿ ಕರೆಂಟು ಕುಡಿದು ಕಾದು ಕೂತಿರುವ ಜಾತಿಯವು. ತಣ್ಣಗಾದರೆ ಅವುಗಳ ದನಿ ಕೆಡುತ್ತದೆಂದು ಕಸುಬಿನವರು ಆರಿಸುವುದೇ ಇಲ್ಲ. ಚಳಿಗಾಲದಲ್ಲಿ ಮಂದಾಕಿನಿ ಮೊಸರು ಹೆಪ್ಪು ಹಾಕಿದ ಪಾತ್ರೆಯನ್ನು ಮುಕುಂದನ ಆಂಪ್ಲಿಫೈಯರಿನ ಪಕ್ಕದಲ್ಲೇ ಇಡುತ್ತಿದ್ದಳು. ಅದೊಂದು ಉಪಯೋಗವಾದರೂ ಉಂಟಲ್ಲ ಎಂಬುದು ಅವಳ ಸಮಾಧಾನ.

ಆಂಪ್ಲಿಫೈಯರಿನ ಕೆಲಸ, ಒಳಗೆ ಬಂದ ಸಣ್ಣ ಸಂಕೇತವನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುವುದು. ದೊಡ್ಡದು ಮಾಡುವಾಗ ತಪ್ಪುಗಳು ಸೇರಿಕೊಳ್ಳುತ್ತವೆ. ಅದಕ್ಕೇ ಹೊರಗೆ ಹೋದದ್ದರಲ್ಲಿ ಒಂದು ಚೂರನ್ನು ಮತ್ತೆ ಮುಂಬಾಗಿಲಿಗೆ ತಂದು, ಒಳಗೆ ಬಂದದ್ದರ ಜೊತೆ ಹೋಲಿಸಿ ನೋಡುತ್ತಾರೆ. ಎರಡರ ನಡುವೆ ಏನು ವ್ಯತ್ಯಾಸವೋ ಅದು ತಪ್ಪು; ಅದನ್ನು ಕಳೆದುಬಿಡುವುದು. ಇದಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರೆ. ಎಲ್ಲರೂ ಈ ವಾಪಸು ತಂತಿಯನ್ನು ಪೆಟ್ಟಿಗೆಯೊಳಗಿನಿಂದಲೇ ತೆಗೆಯುತ್ತಾರೆ. ಮನೆಯಲ್ಲಿದ್ದ ತನ್ನ ಆಂಪ್ಲಿಫೈಯರಿನಲ್ಲಿ ಮುಕುಂದ ಅದನ್ನು ಸ್ಪೀಕರಿನ ಬಾಯಿಂದಲೇ ತೆಗೆದ, ಮತ್ತು ತಪ್ಪನ್ನು ಅದು ಆಗುವ ಮೊದಲೇ ಊಹಿಸಿ ಕಳೆಯುವಂಥ ಒಂದು ಜಾಣ ವಿದ್ಯುತ್ ಮಂಡಲವನ್ನು ಅದಕ್ಕೆ ಹೆಣೆದ. ಹೊಸದೇನಿದ್ದರೂ ಅದು ಇಷ್ಟೇ.

ಆದರೆ ಸ್ಪೀಕರ್ ಎಂಬುದು ಬಾಯಿ ಮಾತ್ರವಲ್ಲ, ಕಿವಿಯೂ ಹೌದು. ಕೋಣೆಯಲ್ಲಿ ಯಾರಾದರೂ ಮಾತಾಡಿದರೆ ಅದರೊಳಗಿನ ಕಾಗದದ ಶಂಕು ನಡುಗುತ್ತದೆ, ತಂತಿಯ ಸುರುಳಿಯಲ್ಲಿ ಸೂಕ್ಷ್ಮ ಕರೆಂಟು ಹುಟ್ಟುತ್ತದೆ. ಮುಕುಂದನಿಗೆ ಇದು ತಿಳಿಯದ್ದೇನಲ್ಲ, ಅದು ಲೆಕ್ಕಕ್ಕೆ ಬಾರದಷ್ಟು ಚಿಕ್ಕದೆಂದು ಕೈಬಿಟ್ಟಿದ್ದ. ಕಸುಬಿನವರ ಪದ್ಧತಿಯಂತೆ ಅವನು ದಿನಾ ಸಂಜೆ ಪೆಟ್ಟಿಗೆಗೆ ಏನೂ ಒಳಬಾರದಂತೆ ಬಿರಡೆ ಜಡಿದು, ಸ್ಪೀಕರಿಗೆ ಕಿವಿ ಹಚ್ಚಿ, ಕೇಳಿಸಿದ ಸಣ್ಣ ಸದ್ದೂ ಅಡಗುವ ತನಕ ತಿರುಪು ತಿರುಗಿಸುತ್ತಿದ್ದ. ಸಂಜೆಯೆಂದರೆ ಮನೆ ತುಂಬ ಸದ್ದಿರುವ ಹೊತ್ತು. ಫ್ಯಾನು ತಿರುಗುತ್ತಿತ್ತು, ಕುಕ್ಕರ್ ಕೂಗುತ್ತಿತ್ತು, ಮಾಳಮಡ್ಡಿಯ ಆ ಮನೆಯ ಹಿಂದೆ ರೈಲು ಹೋಗುತ್ತಿತ್ತು, ಮಂದಾಕಿನಿ ತಂಗಿಗೆ ಫೋನು ಹಚ್ಚಿ ಮಾತಾಡುತ್ತಿದ್ದಳು. ಇವನು ಎಲ್ಲವನ್ನೂ ತನ್ನ ಯಂತ್ರದ ತಪ್ಪೆಂದೇ ಬಗೆದು, ತಿರುಪು ತಿರುಗಿಸಿ ತಿರುಗಿಸಿ ಅಳಿಸಿದ. ಇಡೀ ಮಳೆಗಾಲ ಅವನು ಶ್ರದ್ಧೆಯಿಂದ ಅಳಿಸಿದ್ದು ತನ್ನ ಮನೆಯನ್ನೇ.

ಮೊದಲು ಕಣ್ಣಿಗೆ ಬಿದ್ದದ್ದು ಫ್ಯಾನು. ಒಂದು ಸಂಜೆ ಕುರ್ಚಿಯಲ್ಲಿ ಕೂತು ಮಾರವಾ ಹಚ್ಚಿ, ಯಾಕೋ ಮೇಲೆ ನೋಡಿದ. ಫ್ಯಾನು ಜೋರಾಗಿ ತಿರುಗುತ್ತಿದೆ, ಸದ್ದಿಲ್ಲ. ಕೆಮ್ಮಿದ. ಕೆಮ್ಮು ಎದೆಯಲ್ಲಿ ಹುಟ್ಟಿ ಗಂಟಲಿಗೆ ಬಂತು, ಕಿವಿಗೆ ಬರಲಿಲ್ಲ. ಹಾಡು ಮಾತ್ರ ಇತ್ತು: ಮಂದಾಕಿನಿಯ ಹಳೆಯ ದನಿ, ಎರಡು ಸ್ಪೀಕರುಗಳ ನಡುವಿನ ಬರಿಗಾಳಿಯಲ್ಲಿ, ಕೈಚಾಚಿದರೆ ಸೀರೆಯ ಸೆರಗು ಸಿಗುವಷ್ಟು ಹತ್ತಿರ. ಅವನ ಮೈ ಜುಮ್ಮೆಂದಿತು. ಖುಷಿಗೋ ಹೆದರಿಕೆಗೋ ಎಂದು ಅವನು ಯೋಚಿಸಲಿಲ್ಲ.

ಎಡ್ವಿನ್ ಮೀಟರುಗಳನ್ನು ಹೊತ್ತು ಬಂದ. ಶೆಡ್ಡಿನ ಡ್ರಿಲ್ ಯಂತ್ರವನ್ನೇ ಮನೆಗೆ ತಂದು, ಕೋಣೆಯ ಮಧ್ಯದಲ್ಲಿ ತಿರುಗಿಸಿ, ಮೂರ್ನಾಲ್ಕು ದಿನ ಪರೀಕ್ಷೆ ಮಾಡಿದರು. ಡ್ರಿಲ್ ಹಲಗೆಯನ್ನು ಕೊರೆದು ಪುಡಿ ಉದುರಿಸುತ್ತಿತ್ತು, ಇರುವೆ ಹರಿದಷ್ಟೂ ಸದ್ದಿರಲಿಲ್ಲ. ಒಳಗೆ ಮಾತಾಡಿದರೆ ಕೇಳದ್ದರಿಂದ ಇಬ್ಬರೂ ಕೈಸನ್ನೆ ಮಾಡಿಕೊಂಡು, ಮಾತಿಗಾಗಿ ಅಂಗಳಕ್ಕೆ ಬರುತ್ತಿದ್ದರು. ಅಂಗಳದಲ್ಲಿ ಮಾತ್ರ ಡ್ರಿಲ್ಲಿನ ಸದ್ದು ಎಂದಿನಂತೆ ಕೇಳುತ್ತಿತ್ತು.

"ಮುಕುಂದಾ, ಇದು ಹಾಡು ಸ್ವಚ್ಛ ಮಾಡವಲ್ದೋ, ಖೋಲಿ ಸ್ವಚ್ಛ ಮಾಡಾಕತ್ತೈತಿ," ಎಂದ ಎಡ್ವಿನ್.

"ಹಾಡಿನಾಗ ಇಲ್ಲದ್ದೆಲ್ಲಾ ಅದರ ಲೆಕ್ಕದಾಗ ತಪ್ಪು. ತಪ್ಪು ಅಳಸೋದು ಅದರ ಕೆಲಸ."

"ನಾನೂ ಹಾಡಿನಾಗ ಇಲ್ಲಲೇ. ನನ್ನೂ ಅಳಸ್ತೈತೇನು?"

ಮುಕುಂದ ನಕ್ಕ. ಎಡ್ವಿನ್ ನಗಲಿಲ್ಲ.

ಆದರೂ ವ್ಯಾಪಾರ ವ್ಯಾಪಾರವೇ. ಪುಣೆಯಿಂದ ಹಳೆಯ ಗಿರಾಕಿಯೊಬ್ಬರು ಬಂದರು. ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಕೇಳಿದರು. ಮಧ್ಯದಲ್ಲಿ ಒಂದು ತಾನಕ್ಕೆ ತಡೆಯಲಾರದೆ ವಾಹ್ ಎಂದು ಕೈತಟ್ಟಿದರು. ಚಪ್ಪಾಳೆಯ ಸದ್ದು ಆಗಲಿಲ್ಲ. ಅವರು ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು, ಮತ್ತೊಮ್ಮೆ ತಟ್ಟಿದರು, ಆಮೇಲೆ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಹೊರಗೆ ಬಂದಾಗ ಅವರ ಹಣೆ ಬೆವರಿತ್ತು. ದೀಪಾವಳಿಗೆ ತಮಗೊಂದು ಬೇಕೇ ಬೇಕೆಂದು ಹೇಳಿ ಹೋದರು.

ಮಾರನೆಯ ವಾರ ಮುಕುಂದ ಶೆಡ್ಡಿಗೆ ಹೋದಾಗ ಎಡ್ವಿನ್ ಹೆಬ್ಬೆರಳಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ.

"ಡ್ರಿಲ್ ಬಂದ್ ಐತಿ ಅಂತ ತಿಳದ ಕೈ ಹಾಕಿದೆ," ಎಂದ. "ತಿರಗಾಕತ್ತಿತ್ತು. ನನಗ ಕೇಳಲಿಲ್ಲ."

"ಇಲ್ಲೆ ಆ ಆಂಪ್ಲಿಫೈಯರ್ ಎಲ್ಲಿ ಅದ? ಅದು ನನ್ನ ಮನ್ಯಾಗದ."

"ಅದನ್ನ ಹೇಳಾಕತ್ತೇನಿ. ನಿಮ್ಮ ಮಾಳಮಡ್ಡ್ಯಾಗ ರೈಲಿನ ಹಳೀ ಬಾಜೂ ಇರೋರಿಗೆ ಅದರ ಸಪ್ಪಳ ಕೇಳಸ್ತೈತೇನು? ಮಿದುಳಿನಿಂದ ಕಿವಿಗೂ ನರ ಹೋಗಿರ್ತಾವಪಾ, ಬ್ಯಾಡಾಗಿದ್ದನ್ನ ಅಲ್ಲೇ ತಡೀರಿ ಅಂತ ಹುಕುಂ ಕೊಡಾಕ. ನಮ್ಮೊಳಗೂ ಒಂದು ಫೀಡ್‌ಬ್ಯಾಕ್ ಐತಿ. ಆ ಪೆಟಗಿ ಅದಕ್ಕ ಪಾಠ ಕಲಸಾಕತ್ತೈತಿ. ಅದರ ಮುಂದ ಕುಂತು ಏನೇನು ಕೇಳಲಿಲ್ಲೋ ಅದು ಹೊರಗೂ ಕೇಳಂಗಿಲ್ಲ."

"ಅತೀ ಮಾಡಬ್ಯಾಡ. ಎಲ್ಲೋ ಲಕ್ಷ್ಯ ಇಟ್ಟಿದ್ದಿ, ಬೆರಳು ಕೊಯ್ಕೊಂಡಿ."

"ಇರಬಹುದು," ಎಂದ ಎಡ್ವಿನ್. "ಆದ್ರ ನಾ ಮತ್ತ ಆ ಖೋಲ್ಯಾಗ ಬರಂಗಿಲ್ಲ. ನೀನೂ ಅದನ್ನ ಬಂದ್ ಮಾಡು."

ಮುಕುಂದ ಬಂದ್ ಮಾಡಲಿಲ್ಲ. ಕಾದ ಆಂಪ್ಲಿಫೈಯರನ್ನು ಆರಿಸುವುದೆಂದರೆ ಅವನಿಗೆ ದೇವರ ಮುಂದಿನ ನಂದಾದೀಪ ಆರಿಸಿದ ಹಾಗೆ. ದಿನಾ ಸಂಜೆ ಕುರ್ಚಿ ಹಿಡಿದ. ಮನೆ ದಿನದಿನಕ್ಕೆ ಮೆತ್ತಗಾಗುತ್ತ ಬಂತು. ಅಡುಗೆಮನೆಯ ಪಾತ್ರೆಗಳೂ ಸದ್ದಿಲ್ಲದೆ ಒಂದರ ಮೇಲೊಂದು ಕೂರತೊಡಗಿದವು. ಮಂದಾಕಿನಿ ಅವನನ್ನು ಕೂಗಿ ಕರೆಯುವುದನ್ನು ಬಿಟ್ಟಳು; ಬಂದು ಹೆಗಲು ಮುಟ್ಟಿ, ಊಟದ ಸನ್ನೆ ಮಾಡುತ್ತಿದ್ದಳು. ಬೆಳಗಿನ ಚಹದ ಹೊತ್ತಿನಲ್ಲೂ ಅವಳದು ಬರೀ ತುಟಿ ಅಲ್ಲಾಡಿಸುವುದು, ಕೈ ತೋರಿಸುವುದು. ಪಾಪ, ಗಂಟಲಿಗೆ ವಿಶ್ರಾಂತಿ ಕೊಡುತ್ತಿದ್ದಾಳೆ ಎಂದುಕೊಂಡ ಮುಕುಂದ. ಅವಳು ಫೋನು ಹಿಡಿದು ತಂಗಿಯ ಜೊತೆ ನಗುತ್ತಿದ್ದುದನ್ನು ಕಂಡಾಗಲೂ, ಇಷ್ಟು ಮೆಲ್ಲಗೆ ಮಾತಾಡಿದರೆ ಆ ಕಡೆಯವಳಿಗೆ ಹೇಗೆ ಕೇಳಿಸುತ್ತದೋ ಎಂದು ಆಶ್ಚರ್ಯಪಟ್ಟನೇ ಹೊರತು ಮುಂದೆ ಯೋಚಿಸಲಿಲ್ಲ. ಬುದ್ಧಿವಂತರ ಹಣೆಬರಹವೇ ಇಷ್ಟು.

ಆ ಮೌನದಲ್ಲಿ ಒಂದೇ ಒಂದು ಕಲೆ ಉಳಿದಿತ್ತು. ಪಕ್ಕದ ಮನೆಯ ನೀಲವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುವವಳು. ಸಂಜೆಯಾದರೆ ಅವಳು ಕಲ್ಲಿನ ಮೇಲೆ ರೊಟ್ಟಿ ಬಡಿಯುವ ಪೆಟ್ಟು, ಎರಡೂ ಮನೆಗೆ ಒಂದೇ ಆದ ಗೋಡೆಯನ್ನು ಹಿಡಿದು ನೆಲಕ್ಕಿಳಿದು, ಮುಕುಂದನ ಅಂಗಾಲಿನಿಂದಲೇ ಏರಿ ಬರುತ್ತಿತ್ತು. ಗಾಳಿಯಲ್ಲಿ ಬಂದದ್ದನ್ನು ಆಂಪ್ಲಿಫೈಯರ್ ಅಳಿಸೀತು, ಎಲುಬಿನ ಮೂಲಕ ಬಂದದ್ದನ್ನು ಹೇಗೆ ಅಳಿಸೀತು? ಥಪ್, ಥಪ್, ಥಪ್. ಅವನು ತಿರುಪು ತಿರುಗಿಸಿ ಸೋತ. ಮಜಾ ಎಂದರೆ, ಹಾಡು ಕೊನೆಗೆ ಬರುವಾಗ ಆ ಪೆಟ್ಟು ತಾನಾಗಿ ನಿಲ್ಲುತ್ತಿತ್ತು, ಕ್ಯಾಸೆಟ್ ಮುಗಿದು ಕೆಲ ಹೊತ್ತಾದ ಮೇಲೆ ಮತ್ತೆ ಶುರುವಾಗುತ್ತಿತ್ತು. ಪುಣೆಯವರಿಗೆ ಕೊಡುವ ಮೊದಲು ಇದನ್ನೊಂದು ದಾರಿಗೆ ಹಚ್ಚಬೇಕೆಂದು, ಒಂದು ಸಂಜೆ ಕ್ಯಾಸೆಟ್ ಹಚ್ಚಿಟ್ಟೇ, ಗೋಣಿತಾಟು ಹಿಡಿದುಕೊಂಡು ನೀಲವ್ವನ ಹಿತ್ತಿಲಿಗೆ ಹೋದ. ಕಲ್ಲಿನ ಕೆಳಗೆ ಹಾಸಿಕೋ ಎನ್ನುವುದು ಅವನ ಯೋಚನೆ.

ನೀಲವ್ವ ಒಲೆಯ ಮುಂದೆ, ಹಿಟ್ಟಿನ ಕೈಗಳನ್ನು ಮಡಿಲಲ್ಲಿಟ್ಟು ಸುಮ್ಮನೆ ಕೂತಿದ್ದಳು. ಹೆಂಚಿನ ಮೇಲೆ ರೊಟ್ಟಿಯೊಂದು ಹೊತ್ತುತ್ತಿತ್ತು. ಮುಕುಂದ ಬಾಯಿ ತೆರೆಯುವಷ್ಟರಲ್ಲಿ ಅವಳು ಕೈ ಎತ್ತಿ ತಡೆದಳು.

"ತಡೀರಿ ಅಣ್ಣಾರ, ಮಂದಾಕಿನಿ ವೈನಿ ಹಾಡಾಕತ್ಯಾರ."

"ಅದು ಹಳೇ ಕ್ಯಾಸೆಟ್ಟವ್ವಾ."

"ಅದಲ್ರೀ. ಅದು ಕಾಜಿನಂಗ ಸ್ವಚ್ಛ ಇರೋ ದನಿ. ಅದರ ಜೋಡಿ ಇನ್ನೊಂದೈತೆಲ್ರೀ, ಒಡದಿದ್ದು. ದಿನಾ ಹಾಡ್ತಾರ. ಅವರು ಹಾಡಾಕ ಹತ್ತಿದ್ರ ನನ್ನ ಕೈ ನಿಂತಬಿಡ್ತಾವ ನೋಡ್ರಿ."

ಮುಕುಂದ ಕಿವಿಗೊಟ್ಟು ನಿಂತ. ಕಿಟಕಿಯಿಂದ ಬರುತ್ತಿದ್ದುದು ಒಂದೇ ದನಿ, ಕ್ಯಾಸೆಟ್ಟಿನದು. ಬೇಲಿಯ ಹತ್ತಿರ ಹೋಗಿ ತನ್ನದೇ ಮನೆಯೊಳಗೆ ಇಣುಕಿದ. ಅವನ ಖಾಲಿ ಕುರ್ಚಿಯ ಹಿಂದೆ, ಗೋಡೆಗೆ ಒರಗಿ ಮಂದಾಕಿನಿ ನಿಂತಿದ್ದಳು. ಕಣ್ಣು ಮುಚ್ಚಿದ್ದಳು. ಬಲಗೈ ಗಾಳಿಯಲ್ಲಿ ಸ್ವರದ ದಾರಿ ತೋರಿಸುತ್ತ ಏರಿಳಿಯುತ್ತಿತ್ತು, ಬಾಯಿ ತೆರೆದಿತ್ತು, ಕತ್ತಿನ ಗಾಯದ ಗುರುತು ನಡುಗುತ್ತಿತ್ತು. ಇಷ್ಟು ದಿನವೂ ತಾನು ಕೂತ ಕುರ್ಚಿಯ ಬೆನ್ನಿಗೇ ಅವಳು ನಿಂತು ಹಾಡಿದ್ದಳು.

ಕ್ಯಾಸೆಟ್ ಮುಗಿದು ಖಟ್ ಎಂದಿತು. ಮಂದಾಕಿನಿಯ ಕೈ ನಿಲ್ಲಲಿಲ್ಲ.

"ಈಗೂ ಹಾಡಾಕತ್ಯಾಳೇನು?" ಎಂದು ಕೇಳಿದ.

"ಹೌದಲ್ರೀ, ಡಬ್ಬಿ ಬಂದಾದ ಮ್ಯಾಲಿಂದು ಬರೇ ಅವರದ. ಪದಾ ಮುಗಿಸಿನ ಬಿಡ್ತಾರ. ಕಡೀಕ ಒಂದು ದನಿ ಹಿಡದು ನಿಲ್ತಾರ ನೋಡ್ರಿ, ಕೆಲಸಕ್ಕ ಹ್ವಾದ ಮಗಾ ತಿರುಗಿ ಮನೀಗೆ ಬಂದಂಗ ಆಕ್ಕೈತಿ." ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಯಾಕ್ರೀ ವೈನಿ ಆ ಖೋಲ್ಯಾಗ ಅಷ್ಟ ಹಾಡ್ತೀರಿ ಅಂತ ಕೇಳಿದ್ದೆ. ಅಲ್ಲಿ ನಂದು ನನಗ ಕೇಳೂದಿಲ್ಲ, ಅವರಿಗೂ ಕೇಳೂದಿಲ್ಲ, ಅವರ ಮಾರಿ ಕೆಡೂದಿಲ್ಲ, ಅಂದ್ರು. ಅದೇನೋ ನನಗ ತಿಳೀಲಿಲ್ಲ ಬಿಡ್ರಿ."

ಮುಕುಂದನಿಗೆ ತಿಳಿಯಿತು, ಅಂದು ಬಾಗಿಲಲ್ಲಿ ಕಿವುಚಿಕೊಂಡ ತನ್ನ ಮುಖದ ಮಾತು ಅದು. ಗೋಣಿತಾಟು ಅಲ್ಲೇ ಬಿತ್ತು. ಕೊನೆಯ ಷಡ್ಜ ಎಲ್ಲೂ ಹೋಗಿರಲಿಲ್ಲ, ದಿನಾ ಸಂಜೆ ತನ್ನ ಬೆನ್ನ ಹಿಂದೆಯೇ ಇತ್ತು! ಅವನು ಚಪ್ಪಲಿ ಬಿಡದೆ ಮನೆಯೊಳಗೆ ಓಡಿದ, ಆಂಪ್ಲಿಫೈಯರಿನ ಹಿಂದೆ ಕೈ ಹಾಕಿ, ವಾಪಸು ತಂತಿಯನ್ನು ಕಿತ್ತ, ಗೋಡೆಯ ಪ್ಲಗ್ಗನ್ನೂ ಕಿತ್ತ. ಕಾದ ಲೋಹ ಮುಂಗೈಯನ್ನು ಸುಟ್ಟಿತು. ಕೆಂಪು ದೀಪ ಮೆಲ್ಲಗೆ ಮಂಕಾಗಿ ಆರಿಹೋಯಿತು.

ಮಂದಾಕಿನಿ ಬೆಚ್ಚಿ ಕಣ್ಣು ತೆರೆದಳು. ಸಿಕ್ಕಿಬಿದ್ದವಳ ಹಾಗೆ ಬಾಯಿಗೆ ಸೆರಗು ಅಡ್ಡ ಹಿಡಿದಳು.

"ಹಾಡು," ಎಂದ ಮುಕುಂದ. "ನನ್ನ ಎದುರಿಗೆ ಹಾಡು ಮಂದಾ. ಕಡೀಕಿಂದು. ನನ್ನ ಮಾರಿ ಕೆಡೂದಿಲ್ಲ, ಕೆಟ್ಟರ ಹೇಳು."

ಅವಳ ತುಟಿ ಅಲ್ಲಾಡಿತು. ಬ್ಯಾಡ್ರಿ ಎಂದಿರಬೇಕು. ಅವನು ಅವಳ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದ, ತಾನು ನೆಲದ ಮೇಲೆ ಕೂತ. ಅಂಗಲಾಚಿ ಬೇಡಿಕೊಂಡ. ಅವಳು ಬಹಳ ಹೊತ್ತು ಅವನ ಮುಖವನ್ನೇ ಪರೀಕ್ಷೆ ಮಾಡಿದಳು. ಗೋಡೆಯಾಚೆ ನೀಲವ್ವ ಕೆಲಸಕ್ಕೆ ಮರಳಿದ್ದಳು. ಥಪ್, ಥಪ್ ಎಂದು ನೆಲ ಮಿಡಿಯುತ್ತಿತ್ತು. ಕೊನೆಗೆ ಮಂದಾಕಿನಿ ತಲೆಯಾಡಿಸಿದಳು. ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು.

ಮುಕುಂದ ಯಾಕೋ ತಲೆ ಎತ್ತಿ ಮೇಲೆ ನೋಡಿದ. ಫ್ಯಾನು ತಿರುಗುತ್ತಿತ್ತು. ಅದಕ್ಕೆ ಸದ್ದಿರಲಿಲ್ಲ.

ಆಂಪ್ಲಿಫೈಯರಿನ ಕಡೆ ನೋಡಿದ. ದೀಪ ಆರಿತ್ತು, ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಅಂಗೈ ತಟ್ಟಿದ. ಅಂಗೈ ಉರಿಯಿತು, ಅಷ್ಟೇ. ಎಡ್ವಿನ್ ಬಟ್ಟೆ ಕಟ್ಟಿಕೊಂಡಿದ್ದ ಹೆಬ್ಬೆರಳು ಅವನ ಕಣ್ಣ ಮುಂದೆ ಬಂತು. ಎಡ್ವಿನ್ ಆ ಕೋಣೆಯಲ್ಲಿ ಕೂತದ್ದು ಮೂರ್ನಾಲ್ಕು ದಿನ. ತಾನು ಇಡೀ ಮಳೆಗಾಲ ಕೂತಿದ್ದ. ಬೆಳಗಿನ ಚಹ, ತುಟಿ ಅಲ್ಲಾಡಿಸುವ ಹೆಂಡತಿ, ಸದ್ದಿಲ್ಲದ ಪಾತ್ರೆಗಳು, ಎಲ್ಲವೂ ಒಂದೇ ಸಲಕ್ಕೆ ಅವನ ಮೇಲೆ ಬಿದ್ದವು. ಅವಳು ಗಂಟಲಿಗೆ ವಿಶ್ರಾಂತಿ ಕೊಟ್ಟಿರಲೇ ಇಲ್ಲ. ದಿನಾ ಬೆಳಿಗ್ಗೆ ಅವನ ಜೊತೆ ಮಾತಾಡಿದ್ದಳು.

ಅಷ್ಟರಲ್ಲಿ ಗೋಡೆಯಾಚೆ ರೊಟ್ಟಿಯ ಪೆಟ್ಟು ನಿಂತಿತು.

ಅವನು ತಿರುಗಿ ನೋಡಿದ. ಮಂದಾಕಿನಿಯ ಬಾಯಿ ತೆರೆದಿತ್ತು, ಕೈ ಏರುತ್ತಿತ್ತು. ಅವಳು ಹಾಡುತ್ತಿದ್ದಳು. ಅವನು ಮೈಯೆಲ್ಲ ಕಿವಿಯಾಗಿಸಿಕೊಂಡು ಕೂತ. ಅವಳ ಬೆರಳುಗಳು ಷಡ್ಜದ ಸುತ್ತ ಸುಳಿದವು, ಮುಟ್ಟದೆ ಹೊರಳಿದವು, ಮತ್ತೆ ಸುಳಿದವು. ಅವಳು ನಡುವೆ ಒಮ್ಮೆ ಕಣ್ಣು ತೆರೆದು, ಹೆದರುತ್ತ ಅವನ ಮುಖ ನೋಡಿದಳು. ಆ ಮುಖ ಒಂದಿಷ್ಟೂ ಕಿವುಚಿರಲಿಲ್ಲ. ಅದರ ಮೇಲೆ ನೀರು ಇಳಿಯುತ್ತಿತ್ತು. ಅದನ್ನು ಕಂಡು ಅವಳ ಹುಬ್ಬಿನ ಬಿಗಿ ಸಡಿಲವಾಯಿತು. ಭುಜ ಇಳಿಯಿತು. ಗಂಟಲಿನ ಗಾಯದ ಮೇಲೆ ಕೈ ಇಟ್ಟುಕೊಂಡು ಅವಳು ಒಂದು ಸ್ವರದ ಮೇಲೆ ಬಂದು ನಿಂತಳು, ನಿಂತೇ ಇದ್ದಳು. ಇಷ್ಟು ವರ್ಷಗಳಲ್ಲಿ ಅವಳ ಮುಖದಲ್ಲಿ ಅಂಥ ಸಮಾಧಾನವನ್ನು ಅವನು ಕಂಡಿರಲಿಲ್ಲ.

ಗೋಡೆಯಾಚೆ ರೊಟ್ಟಿ ಬಡಿಯುವುದು ಮತ್ತೆ ಶುರುವಾಯಿತು. ಹಾಡು ಮುಗಿಯಿತೆಂದು ಮುಕುಂದನಿಗೆ ತಿಳಿದದ್ದು ಹಾಗೆ.

ಮಂದಾಕಿನಿ ನಗುತ್ತ ಮುಂದಕ್ಕೆ ಬಾಗಿದಳು. ಅವಳ ತುಟಿಗಳು ಏನನ್ನೋ ಕೇಳಿದವು. ಹ್ಯಾಂಗಿತ್ತು ಎಂದೇ ಇರಬೇಕು.

"ಮನೀಗೆ ಬಂದಂಗ ಆತು," ಎಂದ ಮುಕುಂದ. ಅವನು ಆಡಿದ ಮಾತು ಅವನಿಗೇ ಕೇಳಿಸಲಿಲ್ಲ.